ಗುಂಡಪ್ಪನ ಪಹರೆ ಒಪ್ಪಿಸಿದ ದಿನ

ನಮ್ಮ ಮನೆಯ ಕೆಳಗೆ ಒಂದು ಬಟ್ಟೆ ಅಂಗಡಿ ಇದೆ. ಸಂಜೆಯಾದರೆ ಅಂಗಡಿಯವರು ಬಾಗಿಲಿಗೆ ಲೋಬಾನದ ಹೊಗೆ ಹಿಡಿಯುತ್ತಾರೆ. ಮಣ್ಣಿನ ಬಟ್ಟಲಲ್ಲಿ ನಾಲ್ಕು ಕೆಂಡ, ಅದರ ಮೇಲೆ ಚಿಟಿಕೆ ಲೋಬಾನ. ಬಿಳಿ ಹೊಗೆ ಮೆಟ್ಟಿಲು ಹತ್ತಿಕೊಂಡು ನನ್ನ ಕೋಣೆಯವರೆಗೆ ಬರುತ್ತದೆ. ಮನೆಯವರಿಗೆಲ್ಲ ಆ ವಾಸನೆ ಇಷ್ಟ. ನಾನು ಮಾತ್ರ ಕೈಯಲ್ಲಿದ್ದ ಪುಸ್ತಕ ಇಟ್ಟು ಕೆಳಗಿಳಿದು ಹೋಗುತ್ತೇನೆ. "ಹೊಗಿ ಆಗಂಗಿಲ್ಲೇನ್ರಿ ಮಾವಾ?" ಎಂದು ಸೊಸೆ ಕೇಳುತ್ತಾಳೆ. ಹೌದು ಎಂದುಬಿಡುತ್ತೇನೆ. ಹೊಗೆಗೆ ನನ್ನ ತಕರಾರಿಲ್ಲ. ಅದರ ಕೆಳಗಿನ ಕೆಂಡ ಎಲ್ಲಿದೆ, ಯಾವುದರ ಮೇಲಿದೆ ಎಂದು ಕಣ್ಣಾರೆ ನೋಡಿ ಬರುವವರೆಗೆ ನನಗೆ ಸಮಾಧಾನವಿರುವುದಿಲ್ಲ. ಬಟ್ಟಲು ನೆಲದ ಮೇಲಿರುತ್ತದೆ. ಕೆಂಡ ಬಟ್ಟಲಲ್ಲೇ ಇರುತ್ತದೆ. ಉಸಿರು ಬಿಟ್ಟು ಮೇಲೆ ಬರುತ್ತೇನೆ. ಬರುವಾಗ ಪ್ರತಿಯೊಂದು ಮೆಟ್ಟಿಲಿಗೂ ಜಮಾದಾರರು ನೆನಪಾಗುತ್ತಾರೆ...

ಅದು ಯುದ್ಧದ ಸುದ್ದಿಯನ್ನು ವಾರದ ಹಳೆಯ ಪತ್ರಿಕೆಯಲ್ಲಿ ಓದುತ್ತಿದ್ದ ಕಾಲ. ನಾನು ಹೈದರಾಬಾದಿನ ಕಾಲೇಜಿನಲ್ಲಿ ಇತಿಹಾಸ ಓದಿ, ಆಳಂದದಲ್ಲಿ ಹೊಸದಾಗಿ ತೆರೆದಿದ್ದ ಒಂದು ಸಣ್ಣ ವಸ್ತುಸಂಗ್ರಹಾಲಯಕ್ಕೆ ಮೇಲ್ವಿಚಾರಕನಾಗಿ ಬಂದಿದ್ದೆ. ಯಾರೋ ಬಿಟ್ಟುಹೋದ ಹಳೆಯ ವಾಡೆ ಅದು. ದೊಡ್ಡ ಬಾಗಿಲು, ಒಳಗೆ ಅಂಗಳ, ಅಂಗಳದ ನಡುವೆ ಕಲ್ಲು ಕಟ್ಟಿದ ನೀರಿನ ಹೌಜು, ಮೂರು ಕಡೆ ಮರದ ಕಂಬಗಳ ಪಡಸಾಲೆ. ಅಫಜಲಪುರ, ಜೇವರ್ಗಿ ಕಡೆಯ ಹಾಳುಗುಡಿಗಳಿಂದ, ಹೊಲದ ಬದುಗಳಿಂದ ಎತ್ತಿನ ಗಾಡಿಯಲ್ಲಿ ಬಂದ ವೀರಗಲ್ಲು, ಶಾಸನ, ಮುರಿದ ಮೂರ್ತಿಗಳನ್ನು ಆ ಪಡಸಾಲೆಯಲ್ಲಿ ಸಾಲಾಗಿ ನಿಲ್ಲಿಸಿದ್ದೆವು. ಸರ್ಕಾರದ ಕಾಗದದಲ್ಲಿ ಅದಕ್ಕೆ ಅಜಾಯಬ್‌ಖಾನಾ ಎಂದು ಹೆಸರು. ಊರವರು ಮಾತ್ರ ಒಡಕ ದೇವರ ವಾಡೆ ಎನ್ನುತ್ತಿದ್ದರು.

ಕಾವಲಿಗೆ ನಾಲ್ವರು ಪಹರೆದಾರರಿದ್ದರು. ಅವರ ಮೇಲೆ ಜಮಾದಾರರು. ಜಮಾದಾರರ ಮೇಲೆ, ಕಾಗದದ ಮಟ್ಟಿಗೆ, ನಾನು. ನನಗಾಗ ಇಪ್ಪತ್ನಾಲ್ಕು. ಅವರಿಗೆ ಐವತ್ತೈದು ದಾಟಿರಬೇಕು. ಹತ್ತಿರದ ಮಟಕಿ ಎಂಬ ಊರಿನ ಒಕ್ಕಲು ಮನೆತನದವರು. ಹರೆಯದಲ್ಲಿ ನೇಗಿಲು ಬಿಟ್ಟು ಫೌಜಿಗೆ ಸೇರಿ, ತೋಪಖಾನೆಯಲ್ಲಿ ವರ್ಷಗಟ್ಟಲೆ ದುಡಿದು, ಎಡಗಿವಿಯನ್ನು ತೋಪಿನ ಸದ್ದಿಗೆ ಅಲ್ಲೇ ಕಳೆದುಕೊಂಡು ಊರಿಗೆ ಬಂದವರು. ಸಹಿ ಹಾಕುವಷ್ಟೇ ಅಕ್ಷರ ಗೊತ್ತು. ಬಿಳಿ ರುಮಾಲು ಸುತ್ತಿಕೊಂಡು, ಖಾಕಿ ಅಂಗಿಯ ಗುಂಡಿಗಳನ್ನು ಕುತ್ತಿಗೆಯ ತನಕ ಹಾಕಿ, ಯಾರಾದರೂ ಮಾತಾಡಿಸಿದರೆ ಬಲಗಿವಿ ಮುಂದೆ ಮಾಡಿ ನಿಲ್ಲುತ್ತಿದ್ದರು.

ಪಹರೆದಾರರಿಗೂ ಓದು ಬರುತ್ತಿರಲಿಲ್ಲ. ನಾನು ಎರಡು ತಿಂಗಳು ಕೂತು ಪ್ರತಿಯೊಂದು ಕಲ್ಲಿಗೂ ನಂಬರು ಬರೆದು ಚೀಟಿ ಅಂಟಿಸಿದ್ದೆ. ಅದನ್ನು ಜಮಾದಾರರು ಒಂದು ದಿನವೂ ಬಳಸಲಿಲ್ಲ. ಅವರದೇ ಒಂದು ಪದ್ಧತಿ ಇತ್ತು. ಪಹರೆ ಬದಲಾಗುವಾಗ ಹೋಗುವವನು, ಬರುವವನು ಇಬ್ಬರೂ ಸಾಲಿನುದ್ದಕ್ಕೂ ನಡೆಯಬೇಕು. ಬರುವವನು ಒಂದೊಂದೇ ವಸ್ತುವಿನ ಮೇಲೆ ಅಂಗೈ ಇಟ್ಟು ಹೆಸರು ಕೂಗಬೇಕು. ಹೋಗುವವನು ಉತ್ತರ ಕೊಡಬೇಕು. ಹೆಸರುಗಳೂ ಅವರೇ ಇಟ್ಟವು.

"ಮೂಗ್ ಹ್ವಾದಾಕಿ?"

"ಅದಾಳ್ರಿ."

"ಮೂರ್ಕಾಲ್ ಬಸವ?"

"ಅದಾನ್ರಿ."

"ಜಗಳಗಂಟ ಅಣ್ತಮ್ಮರು?"

"ಅದಾರ್ರಿ. ಇನ್ನಾ ಜಗಳಾಡಾಕತ್ತಾರ."

ಜಗಳಗಂಟರೆಂದರೆ ಒಂದೇ ವೀರಗಲ್ಲಿನಲ್ಲಿ ಎದುರಾಬದುರಾ ಕತ್ತಿ ಎತ್ತಿದ ಇಬ್ಬರು ವೀರರು. ಹೀಗೆ ಕೊನೆಯ ಕಲ್ಲು ಮುಟ್ಟಿದ ಮೇಲೆ ಹೋಗುವವನು "ಒಪ್ಪಿಸೇನಿ" ಎನ್ನಬೇಕು. ಬರುವವನು "ಒಪ್ಪಿಕೊಂಡೇನಿ" ಎನ್ನಬೇಕು. ಆ ಮಾತು ಬಾಯಿಂದ ಬಿದ್ದ ಮೇಲೆ ಹೋಗುವವನು ಏನನ್ನೂ ಮುಟ್ಟುವಂತಿಲ್ಲ, ಏನನ್ನೂ ಕೇಳುವಂತಿಲ್ಲ, ಹಿಂದೆ ತಿರುಗಿಯೂ ನೋಡುವಂತಿಲ್ಲ. ನೆಟ್ಟಗೆ ಬಾಗಿಲು ದಾಟಬೇಕು. ಸೊನ್ನ ಊರಿನ ಪಹರೆದಾರನೊಬ್ಬ ಒಮ್ಮೆ ಬಿಟ್ಟುಬಂದ ತಂಬಾಕಿನ ಚೀಲಕ್ಕಾಗಿ ಹೊರಳಿದ್ದಕ್ಕೆ ಜಮಾದಾರರು ಅವನನ್ನು ಬಾಗಿಲ ಹೊರಗೆ ನಿಲ್ಲಿಸಿ ಬೈದಿದ್ದರು: "ಒಪ್ಪಿಸೇನಿ ಅಂದ ಮ್ಯಾಲ ಅದು ನಿಂದಲ್ಲ ಲೇ. ಹೊಳ್ಳಿ ನೋಡಿದ್ರ ಕದಿಯಾಕ ನೋಡಾಕತ್ತಿ ಅಂತ ತಿಳಿತೇನಿ. ತಂಬಾಕ ನಾಳಿ ತಿನ್ನು, ಸಾಯಂಗಿಲ್ಲ."

ನನಗೆ ಇದೆಲ್ಲ ಹಳ್ಳಿಯ ಆಟದಂತೆ ಕಾಣುತ್ತಿತ್ತು. ಮೂರ್ತಿಗಳನ್ನು ಕೈಯಿಂದ ಮುಟ್ಟಬಾರದು ಎಂದು ಕಲಿತು ಬಂದವನು ನಾನು. "ಹೆಸರು ಬ್ಯಾಡ್ರಿ ಜಮಾದಾರ್ರ, ನಂಬರು ಕೂಗಸ್ರಿ" ಎಂದೆ ಒಂದು ದಿನ.

ಅವರು ಬಲಗಿವಿ ಮುಂದೆ ಮಾಡಿ ಪೂರ್ತಿ ಕೇಳಿಸಿಕೊಂಡರು. "ನಂಬರ್ ಕಳುವಾದ್ರ ಯಾರಿಗೂ ಖಬರಾಗಂಗಿಲ್ರಿ ಸಾಹೇಬ್ರ. ಮೂಗ್ ಹ್ವಾದಾಕಿ ಕಳುವಾದ್ರ ಇವ್ರ ಹೊಟ್ಟ್ಯಾಗ ಸಂಕಟ ಆಗತದ" ಎಂದರು. ನಾನು ಮತ್ತೆ ಆ ಮಾತೆತ್ತಲಿಲ್ಲ. ಒಪ್ಪಲೂ ಇಲ್ಲ.

ತೊಗರಿ ರಾಶಿಯ ಹೊತ್ತಿಗೆ ಜಮಾದಾರರು ಮೂರು ವಾರ ರಜೆ ಹಾಕಿ ಮಟಕಿಗೆ ಹೋದರು. ಅವರು ಹೋದ ಎರಡನೆಯ ದಿನವೇ ನಿಂಬರ್ಗಾದಿಂದ ಒಂದು ಗಾಡಿ ಬಂತು. ಅಲ್ಲಿ ಹಳೆಯ ಕಾವಲು ಬುರುಜೊಂದು ಇತ್ತು. ಕೆಲವು ವರ್ಷಗಳ ಹಿಂದೆ ಅದರ ಒಂದು ಮಗ್ಗುಲು ಕುಸಿದಾಗ ಮಣ್ಣಿನೊಳಗಿಂದ ಒಂದು ಗುಂಡು ಹೊರಬಂದಿತ್ತಂತೆ. ಸಣ್ಣ ಕುಂಬಳಕಾಯಿಯಷ್ಟು ದೊಡ್ಡದು. ಊರವರು ಅದನ್ನು ಬೇವಿನ ಬುಡಕ್ಕಿಟ್ಟು, ಎಣ್ಣೆ ಸಿಂಧೂರ ಬಳಿದು, ಗುಂಡಪ್ಪ ಎಂದು ಹೆಸರಿಟ್ಟು ಪೂಜೆ ಮಾಡುತ್ತಿದ್ದರು. ಬುರುಜಿನಲ್ಲಿ ಸಿಕ್ಕಿದ್ದೆಲ್ಲ ನಮ್ಮಲ್ಲಿಗೆ ಬರಬೇಕೆಂದು ಮೇಲಿನಿಂದ ಹುಕುಂ ಆಗಿದ್ದರಿಂದ ಮನಸ್ಸಿಲ್ಲದೆ ಕಳಿಸಿದ್ದರು. ನಮ್ಮ ಪಹರೆದಾರರಲ್ಲಿ ಒಬ್ಬ ನಿಂಬರ್ಗಾದವನೇ. ಮೂವತ್ತರ ಗಟ್ಟಿ ಆಳು, ಎತ್ತಿನಂಥ ಹೆಗಲು. ಅವನು ಅಷ್ಟು ದೂರವೂ ಗಾಡಿಯ ಪಕ್ಕದಲ್ಲಿ ಬರಿಗಾಲಲ್ಲಿ ನಡೆದು ಬಂದಿದ್ದ.

ಗುಂಡಪ್ಪನ ಮೈಮೇಲೆ ಬೆರಳು ದಪ್ಪ ಎಣ್ಣೆ ಸಿಂಧೂರದ ಪದರು ಗಟ್ಟಿಯಾಗಿ ಕೂತಿತ್ತು. ನನ್ನ ಕೈಯಲ್ಲಿ ಲೇಖನಿ ಇತ್ತು. ಜಿಡ್ಡು ಹತ್ತೀತೆಂದು ದೂರವೇ ನಿಂತು ಬರೆದೆ: 'ದುಂಡನೆಯ ಕಲ್ಲು. ಉಪಯೋಗ ತಿಳಿಯದು. ಗ್ರಾಮಸ್ಥರಿಂದ ಪೂಜಿತ.' ನಂಬರು ಹಾಕಿ ಪಡಸಾಲೆಯ ತುದಿಯಲ್ಲಿ ಇರಿಸಲು ಹೇಳಿದೆ.

"ಸ್ವಾಮಾರ ದೀಪ ಹಚ್ಚಬೇಕ್ರಿ ಸಾಹೇಬ್ರ" ಎಂದ ನಿಂಬರ್ಗಾದವನು.

ಮರದ ಮಾಳಿಗೆ, ಸೋಮವಾರವಾದರೂ ದೀಪ ಬೇಡ ಎಂದೆ.

"ಲೋಬಾನರ ಹಾಕ್ಲೇನ್ರಿ? ಉಪಾಸ ಕೆಡವಬಾರದ್ರಿ ದೇವರನ್ನ."

"ಆಗಲಿ" ಎಂದೆ. ಎಷ್ಟು ಸಲೀಸಾಗಿ ಅಂದೆ ಎಂದು ಈಗಲೂ ಅನ್ನಿಸುತ್ತದೆ...

ಜಮಾದಾರರು ರಜೆ ಮುಗಿಸಿ ಬಂದದ್ದು ಒಂದು ಸೋಮವಾರ ಮಧ್ಯಾಹ್ನ. ಮೈಗೆಲ್ಲ ತೊಗರಿ ಹೊಟ್ಟಿನ ತುರಿಕೆ ಎಂದು ತೋಳು ಕೆರೆದುಕೊಳ್ಳುತ್ತ ನಗುತ್ತಿದ್ದರು. ಎಷ್ಟೇ ದಿನ ದೂರವಿದ್ದರೂ ಬಂದ ಮೇಲಿನ ಮೊದಲ ಪಹರೆಯನ್ನು ತಾವೇ ಒಪ್ಪಿಕೊಳ್ಳುವುದು ಅವರ ರೂಢಿ. ಅಂದು ಪಹರೆ ಮೇಲಿದ್ದವನು ನಿಂಬರ್ಗಾದವನು. ನಾನು ಪಡಸಾಲೆಯ ತುದಿಯಲ್ಲೇ ಮೇಜು ಹಾಕಿಕೊಂಡು ಕೂತಿದ್ದೆ. ಗುಂಡಪ್ಪನಿಗೂ ನನಗೂ ನಾಲ್ಕು ಮೊಳ ಅಂತರ. ಜಮಾದಾರರೂ ಅವನೂ ಸಾಲು ಹಿಡಿದು ಬರುತ್ತಿದ್ದರು.

"ಹೊಸಬ್ರು ಒಬ್ರು ಬಂದಾರ್ರಿ ಜಮಾದಾರ್ರ. ನಮ್ಮೂರ ದೇವ್ರು. ಗುಂಡಪ್ಪ."

"ಹೌದಾ? ಏನ್ ಉಣ್ತಾನಲೇ?"

"ಸ್ವಾಮಾರಕ್ಕೊಮ್ಮೆ ಲೋಬಾನ, ಅಷ್ಟ ರೀ."

"ನಿನಗಿಂತ ಛಲೋ. ನೀ ಹೊತ್ತಿಗೆ ಆರು ರೊಟ್ಟಿ ತಿಂತಿ" ಎನ್ನುತ್ತ ಜಮಾದಾರರು ಗುಂಡಪ್ಪನ ಮೇಲೆ ಅಂಗೈ ಇಟ್ಟರು.

ನಗು ಅವರ ಮುಖದ ಮೇಲೆ ಹಾಗೇ ಇತ್ತು. ಕಣ್ಣು ಮಾತ್ರ ಬದಲಾದವು. ಗುಂಡಪ್ಪ ಬೆಚ್ಚಗಿದ್ದ.

ಹಿಂದಿನ ಎರಡು ಸೋಮವಾರ ನಿಂಬರ್ಗಾದವನು ಮಣ್ಣಿನ ಬಟ್ಟಲಲ್ಲಿ ಕೆಂಡ ಹಾಕಿ ಮುಂದಿಟ್ಟಿದ್ದ. ಅಂದು ಗಾಳಿ ಜೋರು. ಬಟ್ಟಲು ಮಗುಚುತ್ತದೆಂದು, ಗುಂಡಪ್ಪನ ನೆತ್ತಿಯಲ್ಲಿದ್ದ ಸಣ್ಣ ಕುಳಿಯಲ್ಲೇ ಕೆಂಡ ಇಟ್ಟು ಲೋಬಾನ ಉದುರಿಸಿದ್ದ. ಆ ಕುಳಿಗೆ ಅವರೂರಲ್ಲಿ ದೇವರ ಹೊಕ್ಕಳು ಎನ್ನುತ್ತಿದ್ದರಂತೆ. ಅಲ್ಲಿಂದ ಹೊಗೆ ಏಳುತ್ತಿತ್ತು. ಸಣ್ಣಗೆ ಚುರ್ ಚುರ್ ಎಂಬ ಸದ್ದೂ ಬರುತ್ತಿತ್ತು. ಎಣ್ಣೆ ಸುಡುವ ಸದ್ದು ಎಂದುಕೊಂಡು ನಾನು ಆಗಲೇ ಸ್ವಲ್ಪ ಹೊತ್ತಿನಿಂದ ಕೇಳುತ್ತ ಕೂತಿದ್ದೆ. ಜಮಾದಾರರ ಎಡಗಿವಿ ಆ ಕಡೆಗಿತ್ತು. ಅವರಿಗೆ ಕೇಳಲಿಲ್ಲ. ಅವರಿಗೆ ಹೇಳಿದ್ದು ಕೈ.

ಬೆರಳ ಗೆಣ್ಣಿನಿಂದ ಒಮ್ಮೆ ಕುಟ್ಟಿದರು. ಕಲ್ಲಿನ ಸದ್ದಲ್ಲ. ಉಗುರಿನಿಂದ ಸಿಂಧೂರದ ಹೆಕ್ಕಳೆ ಕಿತ್ತರು. ಕೆಳಗೆ ಕಪ್ಪು ಕಬ್ಬಿಣ. ಬಗ್ಗಿ ಕುಳಿಯೊಳಗೆ ನೋಡಿದರು. ಕೆಂಡದ ಕೆಳಗೆ ಒಂದು ಮರದ ಬಿರಡೆ ಬಿಗಿದಿತ್ತು. ಅದರ ಅಂಚು ಕೆಂಪಗಾಗಿತ್ತು.

"ಸಾಹೇಬ್ರ" ಎಂದರು, ಮೆಲ್ಲಗೆ. "ಎದ್ದು ಆ ಜಗಳಗಂಟರ ಹಿಂದ ಬೋರಲು ಮಕ್ಕೋರಿ. ಇದು ತೋಪಿನ ಗುಂಡು. ಹೊಟ್ಟ್ಯಾಗ ಮದ್ದಿನ ಪುಡಿ ಅದ."

ನಾನು ಏಳಲಿಲ್ಲ. ಏಳಲು ಆಗಲಿಲ್ಲ. ಸದ್ದು ಬರುತ್ತಿದೆ ಎಂದು ಹೇಳಬೇಕೆಂದಿದ್ದೆ. ಅದೂ ನಾಲಿಗೆಯಲ್ಲಿ ಹೊರಡಲಿಲ್ಲ.

ನಿಂಬರ್ಗಾದವನ ಕಿವಿಗೆ ಬಿದ್ದದ್ದು ಬೇರೆಯೇ. ತನ್ನ ದೇವರನ್ನು ತೋಪಿನ ಗುಂಡು ಎಂದದ್ದಷ್ಟೇ ಬಿದ್ದಿತ್ತು. ಜಮಾದಾರರ ಕೈ ಮತ್ತೆ ಕೆಂಡದ ಕಡೆ ಹೋದದ್ದೇ ತಡ, ಅವನು ಮೊಣಕಾಲೂರಿ ಗುಂಡಪ್ಪನನ್ನು ಎರಡೂ ತೋಳಲ್ಲಿ ತಬ್ಬಿಬಿಟ್ಟ. "ಕೈ ಹಚ್ಚಬ್ಯಾಡ್ರಿ! ಊರಾಗಿಂದ ಕಿತ್ಕೊಂಡು ತಂದ್ರಿ. ಈಗ ಪೂಜೀನೂ ಬಿಡಸ್ತೀರೇನ್ರಿ? ನಮ್ಮವ್ವಗ ಏನ್ ಹೇಳ್ಲಿ ನಾ?" ಅವನ ಗಲ್ಲ ಕೆಂಡದಿಂದ ಒಂದು ಗೇಣು ದೂರದಲ್ಲಿತ್ತು.

ಅವನನ್ನು ಎಳೆಯುವ ಶಕ್ತಿ ಜಮಾದಾರರಿಗಿರಲಿಲ್ಲ. ಎಳೆದಾಡಿದರೆ ಕೆಂಡ ಒಳಗೆ ಇಳಿಯುತ್ತಿತ್ತು. ಮದ್ದು, ತೋಪು ಎಂದು ತಿಳಿಸಿ ಹೇಳಲು ವೇಳೆ ಇರಲಿಲ್ಲ. ಹೇಳಿದರೂ ಅವನು ಕೇಳುವ ಸ್ಥಿತಿಯಲ್ಲಿರಲಿಲ್ಲ. ಮೂವರೂ ಅಲ್ಲೇ ಮುಗಿಯುತ್ತೇವೆ ಎಂದು ನನಗೆ ಖಚಿತವಾಗಿತ್ತು.

ಜಮಾದಾರರು ನೆಟ್ಟಗೆ ನಿಂತರು. ರುಮಾಲು ಸರಿಮಾಡಿಕೊಂಡರು. ಹಿಮ್ಮಡಿ ಜೋಡಿಸಿ, ದಿನವೂ ಕೇಳುವ ದನಿಯಲ್ಲಿ ಕೇಳಿದರು.

"ಪಹರೆ ಯಾರದು?"

ನಿಂಬರ್ಗಾದವನು ತಲೆ ಎತ್ತಿದ. "...ನಂದ್ರಿ."

"ಬದಲಿ ಹೊತ್ತಾಗ್ಯದ. ಮೂಗ್ ಹ್ವಾದಾಕಿ?"

"ಅದಾಳ್ರಿ."

"ಮೂರ್ಕಾಲ್ ಬಸವ?"

"ಅದಾನ್ರಿ."

"ಗುಂಡಪ್ಪ?"

"ಅದಾನ್ರಿ..."

"ಹಂಗಾದ್ರ ಒಪ್ಪಸು."

ತಬ್ಬಿದ ತೋಳು ಬಿಡದೆ ಅವನು ಜಮಾದಾರರ ಮುಖವನ್ನೇ ನೋಡಿದ. ಎರಡು ಉಸಿರು ಇರಬಹುದು. ನನ್ನ ಲೆಕ್ಕದಲ್ಲಿ ಅದು ಇನ್ನೂ ಮುಗಿದಿಲ್ಲ. ಆಮೇಲೆ ಅವನ ಬಾಯಿ ಆಡಿತು. ವರ್ಷಗಳ ರೂಢಿ ನಾಲಿಗೆಯಲ್ಲಿತ್ತು. ಮನಸ್ಸು ಒಪ್ಪುವ ಮೊದಲೇ ಅದು ಹೊರಬಂತು.

"ಒಪ್ಪಿಸೇನಿ."

ತೋಳು ಸಡಿಲಾದವು. ಎದ್ದ. ಹಿಂದೆ ಸರಿದ. ತಿರುಗಿ, ಅಳುತ್ತಲೇ, ನೆಟ್ಟಗೆ ನಡೆದು ಬಾಗಿಲು ದಾಟಿದ.

"ಒಪ್ಪಿಕೊಂಡೇನಿ" ಎಂದರು ಜಮಾದಾರರು. ಅಂಥ ಹೊತ್ತಿನಲ್ಲೂ ಆ ಮಾತು ಬಿಡಲಿಲ್ಲ.

ಮುಂದಿನದನ್ನು ನಾನು ಸಾವಿರ ಸಲ ನೋಡಿದ್ದೇನೆ. ಅವರು ಬರಿಗೈಯಿಂದ ಕೆಂಡ ಹೆಕ್ಕಿ ಅಂಗಳಕ್ಕೆ ಎಸೆದರು. ಒಂದು, ಎರಡು, ಮೂರು. ನನ್ನ ಮೇಜಿನ ಪಕ್ಕದ ನೀರಿನ ಹೂಜಿಗೆ ಕೈ ಚಾಚಿದರು. ಎತ್ತಿಕೊಡುವುದೂ ನನ್ನಿಂದಾಗಲಿಲ್ಲ. ತಾವೇ ತೆಗೆದುಕೊಂಡು ಕುಳಿಗೆ ಸುರಿದರು. ಬುಸ್ಸೆಂದಿತು. ಆದರೂ ಬಿರಡೆಯ ಪಕ್ಕದಿಂದ ನೂಲಿನಂಥ ಹೊಗೆ ನಿಲ್ಲಲಿಲ್ಲ. ರುಮಾಲು ಬಿಚ್ಚಿ, ಉಳಿದ ನೀರಿನಲ್ಲಿ ಅದ್ದಿ, ಕುಳಿಗೆ ತುರುಕಿದರು. ಗುಂಡಪ್ಪನನ್ನು ಎದೆಗೆ ಅವಚಿಕೊಂಡು ಎತ್ತಿದರು. ಬರಿತಲೆಯಲ್ಲಿ ಅವರನ್ನು ನಾನು ನೋಡಿದ್ದು ಅದೇ ಮೊದಲು. ಕೂದಲೆಲ್ಲ ಬೆಳ್ಳಗಾಗಿತ್ತು.

ಪಡಸಾಲೆಯಿಂದ ಹೌಜಿಗೆ ನಲವತ್ತು ಹೆಜ್ಜೆ. ಆಮೇಲೆ ಎಷ್ಟೋ ಸಲ ನಡೆದು ನೋಡಿದ್ದೇನೆ. ಅವರು ಓಡಲಿಲ್ಲ. ಓಡಿದ್ದರೆ ಅಲುಗುತ್ತಿತ್ತು. ಕೂಸನ್ನು ಎತ್ತಿಕೊಂಡು ಹೋಗುವ ಅಜ್ಜನ ಹಾಗೆ, ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಹೋದರು. ಹೌಜಿನ ಮೆಟ್ಟಿಲಿಳಿದು, ಸೊಂಟದ ನೀರಿನಲ್ಲಿ ನಿಂತು, ಮೆಲ್ಲಗೆ ಕೆಳಗೆ ಬಿಟ್ಟರು. ಮೇಲೆ ಹತ್ತಿ ಬಂದು ವೀರಗಲ್ಲಿನ ಹಿಂದೆ, ನನ್ನನ್ನೂ ರಟ್ಟೆ ಹಿಡಿದು ಎಳೆದುಕೊಂಡು, ಕೂತರು. ಹೌಜಿನ ಮೇಲೆ ಗುಳ್ಳೆಗಳು ಎದ್ದವು. ಬಹಳ ಹೊತ್ತು ಎದ್ದವು. ಆಮೇಲೆ ಒಂದೊಂದೇ ಆದವು. ಆಮೇಲೆ ನಿಂತವು.

ಹೌಜಿನ ದಂಡೆಗೆ ಒಂದು ಗುಬ್ಬಿ ಬಂದು ನೀರು ಕುಡಿದು ಹೋಯಿತು. ಆ ಗುಬ್ಬಿ ಕುಡಿದ ರೀತಿ ನೋಡಿ ನನಗೆ ಬದುಕಿದ್ದೇನೆ ಎಂಬುದು ತಿಳಿಯಿತು. ಮೈಯೆಲ್ಲ ಹಗುರಾಗಿ, ಕೂತಲ್ಲೇ ತೇಲಿದ ಹಾಗಾಯಿತು.

ಅಷ್ಟರಲ್ಲಿ ಬಾಗಿಲ ಹೊರಗಿನಿಂದ ನಿಂಬರ್ಗಾದವನ ದನಿ ಬಂತು. "ಜಮಾದಾರ್ರ... ಈಗರ ಹೊಳ್ಳಿ ನೋಡ್ಲೇನ್ರಿ?"

ಜಮಾದಾರರಿಗೆ ಕೇಳಲಿಲ್ಲ. ಅವನು ಕೇಳಿದ್ದನ್ನು ನಾನು ಅವರ ಬಲಗಿವಿಗೆ ಹೇಳಿದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ನಗುತ್ತ ನಗುತ್ತ ಅತ್ತೆ. "ಬಾ ಲೇ ತಮ್ಮಾ, ನೋಡು ಬಾ" ಎಂದು ಕೂಗಿದರು. "ನಿನ್ನ ದೇವ್ರು ಜಳಕ ಮಾಡಾಕತ್ತಾನ!"

ಅವರ ಬಲಗೈಯ ಮೂರು ಬೆರಳು ಬೊಬ್ಬೆ ಎದ್ದಿದ್ದವು. ನಿಂಬರ್ಗಾದವನೇ ಲೋಳಸರ ತಂದು ಸೀಳಿ ಹಚ್ಚಿದ. ಹಚ್ಚುವಾಗ ಅವನು ಅಳುತ್ತಿದ್ದ, ಅವರು ಎಡಗೈಯಿಂದ ಅವನ ಬೆನ್ನು ತಟ್ಟುತ್ತಿದ್ದರು. ಅವರಿಗೆ ಏನೂ ಆಗಿಲ್ಲ ಎಂದು ಆಗ ನನಗೆ ಕಂಡಿತ್ತು.

ಇಪ್ಪತ್ತು ದಿನ ನೀರಿನಲ್ಲಿಟ್ಟು, ಜಮಾದಾರರೇ ಬಿರಡೆ ತೆಗೆದರು. ಒಳಗಿನಿಂದ ಕಪ್ಪು ರಾಡಿ ಸುರಿಯಿತು. ನಿಂಬರ್ಗಾದವನು ನೋಡುತ್ತ ನಿಂತಿದ್ದ. "ಹಂಗಾದ್ರ ದೇವ್ರು ಅಲ್ಲೇನ್ರಿ ಇವ?" ಎಂದು ಕೇಳಿದ, ಸಣ್ಣ ದನಿಯಲ್ಲಿ.

"ಇಷ್ಟು ಮದ್ದು ಹೊಟ್ಟ್ಯಾಗ ಇಟ್ಕೊಂಡು, ನೀ ನೆತ್ತಿ ಮ್ಯಾಲ ಬೆಂಕಿ ಇಟ್ರೂ ಸಿಡೀದ ಕುಂತಾನಲ್ಲಲೇ" ಎಂದರು ಜಮಾದಾರರು. "ನಾನಾಗಿದ್ರ ಸಿಡಿತಿದ್ದೆ. ದೇವ್ರೇ ಇರಬೇಕು."

ಆಮೇಲೆ ನನ್ನ ಕಡೆ ತಿರುಗಿ, "ಬುಕ್ಕಿನ್ಯಾಗ ಏನಂತ ಬರದಿದ್ರಿ ಸಾಹೇಬ್ರ?" ಎಂದರು.

"ಕಲ್ಲು ಅಂತ."

"ಮುಟ್ಟಿ ನೋಡಿದ್ರ್ಯಾ?"

"ಇಲ್ಲ."

ಅವರು ಬಗ್ಗಿ ಬಿರಡೆ ಒರೆಸತೊಡಗಿದರು. ಬೈದಿದ್ದರೆ ಹಗುರವಾಗುತ್ತಿತ್ತು. ಮೇಲಿನವರಿಗೆ ಕಳಿಸಿದ ವರದಿಯಲ್ಲಿ, ಲೋಬಾನ ಹಾಕಲು ಅಪ್ಪಣೆ ಕೊಟ್ಟವನು ನಾನೇ, ಪಹರೆದಾರನ ತಪ್ಪಿಲ್ಲ ಎಂದು ಬರೆದೆ. ಅದಕ್ಕೆ ಉತ್ತರ ಬರಲಿಲ್ಲ. ಮಾರನೆಯ ದಿನದಿಂದ ಪಹರೆ ಬದಲಾಗುವಾಗ ನಾನೂ ಅವರ ಹಿಂದೆ ನಡೆದು ಒಂದೊಂದೇ ಕಲ್ಲಿನ ಮೇಲೆ ಕೈ ಇಡತೊಡಗಿದೆ. ಮೂಗು ಹೋದವಳ ಗಲ್ಲ ಅಷ್ಟು ನುಣುಪಾಗಿದೆ ಎಂಬುದು ನನಗೆ ಗೊತ್ತಾದದ್ದು ಆಗಲೇ.

ಮುಂದೆ ರಾಜ್ಯ ಬದಲಾಯಿತು. ಕಲ್ಲುಗಳನ್ನು ದೊಡ್ಡ ಊರಿಗೆ ಒಯ್ದರು. ವಾಡೆ ಬೀಗ ಹಾಕಿಕೊಂಡಿತು. ನಾನು ಕಲಬುರ್ಗಿಗೆ ಬಂದು ಮೇಷ್ಟರಾದೆ. ಮದುವೆ, ಮಕ್ಕಳು, ಮನೆ... ಹೋಗಬೇಕು, ಜಮಾದಾರರನ್ನು ನೋಡಬೇಕು ಎನ್ನುತ್ತಲೇ ವರ್ಷಗಳು ಹೋದವು. ಒಂದು ದಿನ ಸಂತೆಯಲ್ಲಿ ನಿಂಬರ್ಗಾದವನು ಸಿಕ್ಕು, ಅವರು ತೀರಿಕೊಂಡು ತಿಂಗಳಾಯಿತು ಎಂದ. ಮರುದಿನವೇ ಮಟಕಿಗೆ ಹೋದೆ.

ಅವರ ಹೆಂಡತಿ ನನ್ನನ್ನು ಮೊದಲು ಕಂಡವರಲ್ಲ. ಯಾರೆಂದು ಹೇಳಿದ ಕೂಡಲೇ, "ಹೌಜಿನ ಸಾಹೇಬ್ರೇನ್ರಿ?" ಎಂದರು. ನೀರು ಕೊಟ್ಟು ಎದುರಿಗೆ ಕೂತರು. ಅಂಥ ಧೈರ್ಯದ ಮನುಷ್ಯನನ್ನು ನಾನು ಮತ್ತೆ ನೋಡಲಿಲ್ಲ ಎಂದೆ.

"ಧೈರ್ಯ ಎಲ್ಲೀದ್ರಿ ಯಪ್ಪಾ" ಎಂದರು ಆಕೆ. "ಹೊಲದಾಗ ನಡಕೋತ ಹೊಂಟೋರು ನಡುವ ನಿಂತ್ಬಿಡ್ತಿದ್ರು. ಎರಡೂ ಕೈ ಎದಿಗೆ ಅವಚಿಕೊಂಡು, ಏನೋ ಹೊತ್ತಂಗ. ಏನ್ರೀ ಅಂದ್ರ, 'ಇನ್ನಾ ಸ್ವಲ್ಪ ದೂರ ಅದ' ಅಂತಿದ್ರು. ಇಷ್ಟ್ ವರ್ಷ ಹಂಗ ನಡೀತ್ರಿ. ಕಡೀ ದಿನ ಜ್ವರದಾಗೂ ಅದ ಮಾತು. ಇನ್ನಾ ಸ್ವಲ್ಪ ದೂರ ಅದ, ಇನ್ನಾ ಸ್ವಲ್ಪ ದೂರ ಅದ... ನಾ ಕಿವ್ಯಾಗ ಹೇಳ್ದೆ. ಮುಟ್ಟೀರಿ, ಇಳಸ್ರಿ ಅಂತ. ಆಮ್ಯಾಲ ಕೈ ಸಡ್ಲ ಬಿಟ್ರು."

ಅಷ್ಟು ವರ್ಷ ಅದನ್ನೇ ಮತ್ತೆ ಮತ್ತೆ ನೋಡುತ್ತಿದ್ದವನು ನಾನೊಬ್ಬನೇ ಎಂದುಕೊಂಡಿದ್ದೆ. ಒಂದು ಬಸ್ಸಿನ ಪ್ರಯಾಣದಷ್ಟು ದೂರದಲ್ಲಿ ಇನ್ನೊಬ್ಬರು ಅದನ್ನು ಹೊತ್ತುಕೊಂಡೇ ನಡೆಯುತ್ತಿದ್ದರು. ಹೌಜು ಮುಟ್ಟಿದಿರಿ ಎಂದು ಹೇಳಬಲ್ಲವನು, ಕಣ್ಣಾರೆ ಕಂಡವನು, ನಾನು. ಹೋಗಿ ಹೇಳಲಿಲ್ಲ.

ಈಗ ನನಗೆ ಆಗಿನ ಅವರಿಗಿಂತ ಹೆಚ್ಚು ವಯಸ್ಸಾಗಿದೆ. ಇಂದಿಗೂ ಅವರು ನನ್ನ ಕಣ್ಣ ಮುಂದೆ ಆ ಅಂಗಳ ದಾಟುತ್ತಾರೆ. ನಾನು ಉಸಿರು ಹಿಡಿದು ನೋಡುತ್ತೇನೆ. ಒಮ್ಮೆಯೂ ಎಡವಿಲ್ಲ. ನೀರು ಅವರ ಸೊಂಟಕ್ಕೆ ಬಂದಾಗ, ತಡವಾಗಿಯಾದರೂ, ನಾನು ಬಾಯಿಬಿಟ್ಟು ಹೇಳುತ್ತೇನೆ. ಮುಟ್ಟೀರಿ ಜಮಾದಾರ್ರ. ಇಳಸ್ರಿ.